ಅಪ್ಪನ ಕಾರಿಗೆ ಕ್ರೂಸ್ ಕೂಡಿಸಿದ್ದು

ನಮ್ಮಪ್ಪ ಒಳ್ಳೆಯ ಡ್ರೈವರ್ ಆಗಿದ್ದ. ಕ್ರೂರಿಯೂ ಆಗಿದ್ದ. ಈ ಎರಡು ಮಾತುಗಳ ನಡುವೆ ‘ಆದರೆ’ ಸೇರಿಸಿ ಅವನನ್ನು ಉಳಿಸಿಕೊಳ್ಳಲು ನೋಡುವ ನೆಂಟರು ನಮಗೆ ಬೇಕಾದಷ್ಟಿದ್ದಾರೆ. ನಾನು ಸೇರಿಸುವುದಿಲ್ಲ. ಒಳ್ಳೆಯ ಡ್ರೈವರ್ ಆಗಿದ್ದರಿಂದಲೇ ಅವನಿಗೆ ಕ್ರೂರಿಯಾಗಿರಲು ಸಾಧ್ಯವಾಯಿತು, ಮತ್ತು ಕೊನೆಗೆ ಅವನನ್ನು ಮನೆಯಲ್ಲಿ ಕೂರಿಸಿದ್ದೂ ಆ ಒಳ್ಳೆಯತನವೇ. ಕೆಟ್ಟ ಡ್ರೈವರ್ ಆಗಿದ್ದಿದ್ದರೆ ಇವತ್ತಿಗೂ ಕಾರು ಓಡಿಸಿಕೊಂಡು ಇರುತ್ತಿದ್ದ. ಇದು ಸುಮ್ಮನೆ ಆಡಿದ ಚಮತ್ಕಾರದ ಮಾತಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಮೊದಲು ಕಲಿಸಿದ್ದೇ ಪುರಾವೆ ಇಲ್ಲದೆ ಬಾಯಿ ತೆರೆಯಬೇಡ ಎಂದು. ಪುರಾವೆ ಕೊಡುತ್ತೇನೆ.

ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಪಕ್ಕ, ಹೊಂಗೆ ಮರದ ಕೆಳಗೆ, ಬಾಡಿಗೆ ಕಾರುಗಳು ಸಾಲಾಗಿ ನಿಲ್ಲುತ್ತಿದ್ದವು. ಊಟಿಗೆ ಹೋಗುವ ಹೊಸ ಜೋಡಿಗಳು, ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗುವ ಬಸುರಿಯರು, ಗಲ್ಫಿನಿಂದ ಪೆಟ್ಟಿಗೆ ಹೊತ್ತು ಬಂದು ಸುಲ್ತಾನ್ ಬತ್ತೇರಿಗೆ ಹೋಗುವ ಮಲಯಾಳಿಗಳು, ಎಲ್ಲರೂ ಆ ಮರದ ಕೆಳಗೇ ಬರಬೇಕು. ಯಾರ ಸರದಿಯೋ ಅವರು ಹೋಗಬೇಕು. ಸರದಿ ಕೂಗಲು ಒಬ್ಬನಿದ್ದ. ಅವನ ಗಂಟಲು ಹಿಂದಿನ ಬೀದಿಯ ನಮ್ಮ ಮನೆಯ ಅಡುಗೆಕೋಣೆಗೂ ಕೇಳಿಸುತ್ತಿತ್ತು. ನಮ್ಮ ಅಂಬಾಸಿಡರು ಒಂದು ಕಾಲಕ್ಕೆ ಬಿಳಿಯದು, ನನಗೆ ಬುದ್ಧಿ ಬರುವ ಹೊತ್ತಿಗೆ ಹಳಸಿದ ಮಜ್ಜಿಗೆಯ ಬಣ್ಣದ್ದು. ಪೆಟ್ರೋಲ್ ಎಂಜಿನ್, ಸ್ಟಿಯರಿಂಗಿನ ಕುತ್ತಿಗೆಗೆ ಅಂಟಿದ ಗೇರು. ಅಪ್ಪ ಆ ಗೇರನ್ನು ಎರಡೇ ಬೆರಳಿನಲ್ಲಿ ಆಡಿಸುತ್ತಿದ್ದ.

ಆ ಸಾಲಿಗೆ ಹೊಸ ಕಾರು ಸೇರಬೇಕಾದರೆ ಒಂದು ಪರೀಕ್ಷೆ ಇತ್ತು. ಪಂಚೆ ಉಟ್ಟ ಒಬ್ಬ ಹಿಂದಿನ ಸೀಟಿನಲ್ಲಿ ಕೂತು, ಕಂಠದವರೆಗೆ ನೀರು ತುಂಬಿದ ಹಿತ್ತಾಳೆ ಚೊಂಬನ್ನು ತೊಡೆಯ ಮೇಲಿಟ್ಟುಕೊಳ್ಳುವುದು. ಕಾರು ಚಾಮರಾಜನಗರ ಮುಟ್ಟಿ ವಾಪಸು ಬರಬೇಕು. ಪಂಚೆ ಒದ್ದೆಯಾದರೆ ಸಾಲಿನಲ್ಲಿ ಜಾಗವಿಲ್ಲ. ಚೊಂಬು ಹಿಡಿದವನ ಮಾತೇ ಕೊನೆ, ಅದರ ಮೇಲೆ ಅಪೀಲಿಲ್ಲ. ಈ ಪರೀಕ್ಷೆಯನ್ನು ಹುಟ್ಟಿಸಿದವನು ನಮ್ಮಪ್ಪ. ಹಿಂದೆ ಕೂತಿರೋದು ದಿನ ತುಂಬಿದ ಬಸುರಿ ಅಂದ್ಕೊಂಡು ಓಡಿಸು ಎನ್ನುತ್ತಿದ್ದ. ವಾದ ಚೆನ್ನಾಗಿಯೇ ಇತ್ತು. ಒಳ್ಳೆಯ ವಾದವನ್ನು ಯಾರ ಮೇಲೆ ಬೀಸುತ್ತೀಯ ಎಂಬುದು ಬೇರೆಯದೇ ಪ್ರಶ್ನೆ.

ಸ್ಟ್ಯಾಂಡಿನಲ್ಲಿ ಅಪ್ಪನಿಗಿಂತ ಹಿರಿಯ ಡ್ರೈವರ್ ಒಬ್ಬನಿದ್ದ. ವಯಸ್ಸಾಗಿ ಅವನ ಕೈ ಸ್ವಲ್ಪ ನಡುಗಲು ಶುರುವಾಗಿತ್ತು. ಹೊಸಬರಿಗೆಂದು ಇದ್ದ ಪರೀಕ್ಷೆಯನ್ನು ಅಪ್ಪ ಆ ಮುದುಕನಿಗೂ ಇಟ್ಟ. ಚೊಂಬನ್ನು ತಾನೇ ಹಿಡಿದು ಕೂತ, ಅದಕ್ಕಾಗಿಯೇ ಒಗೆದ ಬಿಳಿ ಪಂಚೆ ಉಟ್ಟುಕೊಂಡು. ತೆರಕಣಾಂಬಿ ದಾಟುವುದರೊಳಗೆ ನೀರು ಚೆಲ್ಲಿತು. ಅಷ್ಟಕ್ಕೇ ಮುಗಿಸಬಹುದಿತ್ತು. ಅಪ್ಪ ಪಂಚೆ ಬದಲಾಯಿಸದೆ ಸ್ಟ್ಯಾಂಡಿಗೆ ಬಂದು, ಒದ್ದೆ ತೊಡೆಯನ್ನು ಒಂದೊಂದು ಕಾರಿನ ಮುಂದೂ ತೋರಿಸುತ್ತ ನಡೆದ. ಆಗ ನಾನು ಹೈಸ್ಕೂಲಿನಿಂದ ಬರುತ್ತಿದ್ದೆ, ಕಿವಿಯಾರೆ ಕೇಳಿದೆ.

“ನೋಡ್ರಲಾ, ನನ್ ಕೈಲಿ ಉಚ್ಚ ಉಯ್ಯಿಸ್ಬುಟ್ಟ ಈ ಮುದ್ಕ.”

ಇಡೀ ಸ್ಟ್ಯಾಂಡು ನಕ್ಕಿತು. ಮುದುಕ ಕಾರು ಮಾರಿದ. ಬೇರೆ ಎಲ್ಲಿಗೂ ಹೋಗಲಾರದೆ ಅದೇ ಮರದ ಬುಡದಲ್ಲಿ ಹುರಿದ ಕಡಲೆಕಾಯಿ ಮಾರಲು ಕೂತ. ಅಪ್ಪ ದಿನಾ ಸಂಜೆ ಅವನ ಹತ್ತಿರವೇ ಒಂದು ಪೊಟ್ಟಣ ಕೊಂಡು, ಅವನ ಎದುರೇ ಸಿಪ್ಪೆ ಬಿಡಿಸಿ ತಿಂದು, “ಉಪ್ಪು ಕಮ್ಮಿ ಆಯ್ತು ಕಣಪ್ಪ” ಎಂದು ಹೇಳಿ ಬರುತ್ತಿದ್ದ. ದಿನಾ ಅದೇ ಮಾತು. ಕಡಲೆಕಾಯಿಗೆ ಉಪ್ಪು ಸರಿಯಾಗಿಯೇ ಇರುತ್ತಿತ್ತು. ನಾನೂ ತಿಂದಿದ್ದೇನೆ.

ನಾನು ಡಿಗ್ರಿಗೆ ಸೇರಿ ಬಸ್ಸಿನಲ್ಲಿ ದಿನಾ ಚಾಮರಾಜನಗರಕ್ಕೆ ಹೋಗಿ ಬರುತ್ತಿದ್ದ ಕಾಲದಲ್ಲಿ, ಅದು ಇನ್ನೂ ಜಿಲ್ಲೆಯಾಗಿರಲಿಲ್ಲ, ಅಪ್ಪನ ಬಲಗಾಲು ಮುರಿಯಿತು. ಟಯರು ಬಿಚ್ಚುವಾಗ ಜಾಕು ಜಾರಿ ಕಾರು ಪಾದದ ಮೇಲೆ ಕೂತಿತ್ತು. ಮೈಸೂರಿಗೆ ಹೋಗೋಣ ಎಂದು ಅಮ್ಮ ಹೇಳಿದಳು. ಅಪ್ಪ ನಾಟಿವೈದ್ಯನ ಹತ್ತಿರ ಹೋಗಿ ಮೊಟ್ಟೆ, ಸೊಪ್ಪು, ಬಿದಿರು ದಬ್ಬೆ ಕಟ್ಟಿಸಿಕೊಂಡು ಬಂದ. ಮೂಳೆ ಕೂಡಿಕೊಂಡಿತು, ಸೊಟ್ಟಗೆ ಕೂಡಿಕೊಂಡಿತು. ನಡೆಯಬಹುದಿತ್ತು. ಬ್ರೇಕು ತುಳಿಯಬಹುದಿತ್ತು, ಅದಕ್ಕೆ ಇಡೀ ಕಾಲಿನ ಬಲವಿದೆ. ಆಗದಿದ್ದದ್ದು ಒಂದೇ: ಆಕ್ಸಿಲರೇಟರನ್ನು ಒಂದೇ ಮಟ್ಟದಲ್ಲಿ ಹಿಡಿದಿರುವುದು. ಸ್ವಲ್ಪ ದೂರ ಹೋಗುವುದರೊಳಗೆ ಹಿಮ್ಮಡಿಯ ಮೇಲಿನ ಗಂಟು ಸೆಳೆದುಕೊಂಡು ಪಾದ ನಡುಗುತ್ತಿತ್ತು. ಪಾದ ನಡುಗಿದರೆ ಎಂಜಿನ್ ನಡುಗುತ್ತಿತ್ತು. ಕಾರು ಕುಂಟುಕುದುರೆಯ ಹಾಗೆ ಜಗ್ಗಿ ಜಗ್ಗಿ ಓಡುತ್ತಿತ್ತು, ಹಿಂದೆ ಕೂತವರು ಬಂಡೀಪುರ ಬರುವ ಮೊದಲೇ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದರು.

ಸ್ಟ್ಯಾಂಡಿನವರು ಬಿಡುತ್ತಾರೆಯೇ? ಮೊದಲು ನಮ್ಮ ಕಾರಿಗೆ ಜಟಕಾ ಎಂದು ಹೆಸರಿಟ್ಟರು. ಆಮೇಲೆ ಒಬ್ಬ ಬಾನೆಟ್ಟಿನ ಮೇಲೆ ಹಸಿಹುಲ್ಲಿನ ಕಂತೆ ಇಟ್ಟು ಹೋದ. ಅಪ್ಪ ಅದನ್ನು ಎತ್ತಿ ಎಸೆದ, ಮಾರನೆಯ ದಿನ ಮತ್ತೆ ಇತ್ತು, ಜೊತೆಗೆ ಒಂದು ಹಿಡಿ ಹುರುಳಿ. ಕೊನೆಗೆ ಸರದಿ ಕೂಗುವವನು ಬಂದು, ಎಲ್ಲರಿಗೂ ಇರೋ ಕಾನೂನು ನಿನಗೂ ಇರಬೇಕಲ್ಲಪ್ಪಾ, ಚೊಂಬು ಇಟ್ಕೊಂಡು ಒಂದ್ಸಲ ಚಾಮರಾಜನಗರ ಮುಟ್ಟಿ ಬಂದುಬಿಡು ಎಂದ. ಚೊಂಬು ಯಾರು ಹಿಡಿಯಬೇಕು ಎಂಬುದನ್ನೂ ಅವರೇ ತೀರ್ಮಾನಿಸಿದ್ದರು. ಕಡಲೆಕಾಯಿ ಮಾರುವ ಮುದುಕ.

ಅಪ್ಪ ಇಲ್ಲ ಎನ್ನುವ ಹಾಗಿರಲಿಲ್ಲ, ಕಾನೂನು ಅವನದೇ. ಕಾಲು ಬಲಿಯಲಿ ಎಂದು ಕೆಲವು ತಿಂಗಳ ವಾಯಿದೆಯಷ್ಟೇ ಕೇಳಿಕೊಂಡ. ಸೋತರೆ ಏನು ಎಂಬುದನ್ನೂ ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಸಾಲಿನಲ್ಲಿ ಜಾಗ ಹೋದರೆ ಬಾಡಿಗೆ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಅದೇ ಮರದ ಬುಡದಲ್ಲಿ ಇನ್ನೊಬ್ಬನಿಗೆ ಕೂರುವಷ್ಟು ಜಾಗ ಖಾಲಿಯಿತ್ತು.

ಅಮ್ಮ ಒಂದು ದಾರಿ ಹೇಳಿದಳು: ಒಬ್ಬ ಹುಡುಗನನ್ನು ಡ್ರೈವರಾಗಿ ಇಟ್ಟುಕೊಳ್ಳಿ, ಅವನು ಕಾರು ಓಡಿಸಲಿ, ನೀವು ಮನೆಯಲ್ಲಿರಿ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಕಾರು ಬ್ಯಾರೆಯವ್ನಿಗ ಕೊಟ್ಟು ನಾನು ಮನ್ಲಿರನ. ನಿನ್ನೂ ಕೊಟ್ಬುಡನ, ಇಬ್ರೂ ಒಟ್ಗ ಓಗಿ.”

ಅಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಇಂಥ ಹೊತ್ತಿನಲ್ಲಿ ಬತ್ತೇರಿಯ ಗಿರಾಕಿಯೊಬ್ಬ ಬಂದ. ವರ್ಷಕ್ಕೊಮ್ಮೆ ಗಲ್ಫಿನಿಂದ ಬರುವವನು, ಬಂದಾಗಲೆಲ್ಲ ಅಪ್ಪನ ಕಾರೇ ಆಗಬೇಕು. ಅವನಿಗೂ ಕಾರಿನ ಜಗ್ಗಾಟ ಗೊತ್ತಾಯಿತು. ಅವನು ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ, ತನ್ನ ಧಣಿಯ ಕಾರಿನಲ್ಲಿ ಆಕ್ಸಿಲರೇಟರಿನ ಮೇಲೆ ಕಾಲೇ ಇಡಬೇಕಾಗಿಲ್ಲ, ಒಂದು ಗುಂಡಿ ಒತ್ತಿದರೆ ಕಾರು ಅದೇ ವೇಗದಲ್ಲಿ ಹೋಗುತ್ತಿರುತ್ತದೆ, ಹಳೆಯ ಕಾರಿಗೂ ಕೂಡಿಸುವ ಪೆಟ್ಟಿಗೆ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ ಎಂದ. ಬಹಳ ಜನ ಇಂಥ ಮಾತು ಹೇಳಿ ಹೋಗಿ ಮರೆಯುತ್ತಾರೆ. ಈತ ಮರೆಯಲಿಲ್ಲ. ವಾಪಸು ಬರುತ್ತಿದ್ದ ತನ್ನ ಊರಿನವನ ಕೈಲಿ ಪೆಟ್ಟಿಗೆ ಕಳಿಸಿದ, ನಿನ್ನ ಕಾಲಿಗೆ ನನ್ನ ಕಾಣಿಕೆ ಎಂದು. ಒಳ್ಳೆಯ ಮನುಷ್ಯ. ಈ ಕತೆಯಲ್ಲಿ ಒಳ್ಳೆಯದನ್ನೇ ಬಯಸಿದವನು ಅವನೊಬ್ಬನೇ, ಮತ್ತು ನೋಡಿ ಅದು ಏನು ಮಾಡಿತು.

ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಒಂದು ಸಣ್ಣ ಪುಸ್ತಕವಿತ್ತು, ಮೇಲೆ ‘ಕ್ರೂಸ್ ಕಂಟ್ರೋಲ್’ ಎಂದು ಬರೆದಿತ್ತು. ಅದನ್ನು ಓದಿ ಹೇಳುವ ಕೆಲಸ ನನಗೆ ಬಂತು. ಒಂದು ಕಪ್ಪು ಡಬ್ಬಿ. ಅದು ರಬ್ಬರ್ ಕೊಳವೆಯ ಮೂಲಕ ಎಂಜಿನ್ನಿನ ಉಸಿರನ್ನೇ ಎಳೆದುಕೊಂಡು ಹಿಗ್ಗಿ ಕುಗ್ಗುತ್ತದೆ. ಡಬ್ಬಿಯಿಂದ ಮಣಿಸರದಂಥ ಒಂದು ಸರಪಳಿ, ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬುರೇಟರಿಗೆ. ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟಿಗೆ ಒಂದು ಅಯಸ್ಕಾಂತ ಕಟ್ಟಬೇಕು. ಅದು ಎಷ್ಟು ಬೇಗ ಸುತ್ತುತ್ತದೆ ಎಂಬುದರಿಂದ ಯಂತ್ರಕ್ಕೆ ಕಾರಿನ ವೇಗ ಗೊತ್ತಾಗುತ್ತದೆ. ವೇಗ ಕಡಿಮೆಯಾದರೆ ಡಬ್ಬಿ ಸರಪಳಿ ಜಗ್ಗುತ್ತದೆ, ಹೆಚ್ಚಾದರೆ ಸಡಿಲ ಬಿಡುತ್ತದೆ. ಬ್ರೇಕು ತುಳಿದರೆ ಅಥವಾ ಕ್ಲಚ್ ತುಳಿದರೆ ಪೂರ್ತಿ ಕೈ ಬಿಡುತ್ತದೆ. ಇಷ್ಟನ್ನೂ ನಾನು ಒಂದೂ ಬಿಡದೆ ಕನ್ನಡದಲ್ಲಿ ಹೇಳಿದೆ. ಅಪ್ಪ ಒಂದೂ ಬಿಡದೆ ಕೇಳಿದ.

ಹೇಳಿದ ಮೇಲೆ ವಾದಕ್ಕೂ ಇಳಿದೆ. ಈ ಡಬ್ಬಿಗೆ ಎತ್ತಿನಗಾಡಿ ಕಾಣುವುದಿಲ್ಲ, ಬತ್ತೇರಿ ದಾರಿಯ ಮದ್ದೂರು ಕಾಡಿನ ತಿರುವಿನಲ್ಲಿ ಆನೆ ನಿಂತಿದ್ದರೆ ಗೊತ್ತಾಗುವುದಿಲ್ಲ, ರಾಗಿ ಒಕ್ಕಲು ರಸ್ತೆಗೇ ಹುಲ್ಲು ಹರವುವ ನಾಡಿನಲ್ಲಿ ಕಣ್ಣಿಲ್ಲದ ಯಂತ್ರವನ್ನು ನಂಬುವುದು ಮೂರ್ಖತನ ಎಂದೆ. ಅಂತರ ಕಾಲೇಜು ಸ್ಪರ್ಧೆಯಲ್ಲಾದರೆ ಚಪ್ಪಾಳೆ ಬೀಳುವ ಜಾಗ. ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ.

“ನೋಡಕ ನಾನಿಲ್ವಾ? ಅದು ಕಾಲು ಕಣಮ್ಮಿ, ಕಣ್ಣಲ್ಲ.”

ಎಂಟನೇ ತರಗತಿಗೆ ಶಾಲೆ ಬಿಟ್ಟ ಮನುಷ್ಯ ಒಂದೇ ವಾಕ್ಯದಲ್ಲಿ ನನ್ನ ಪಕ್ಷವನ್ನು ಕೆಡವಿದ, ಕೆಡವಿದ ಮೇಲೆ ಸುಮ್ಮನಿರುವ ಜಾತಿಯೂ ಅಲ್ಲ. ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದಿದ್ದ ಬೆಳ್ಳಿಬಣ್ಣದ ಕಪ್ಪನ್ನು ಒಳಗಿಂದ ತರಿಸಿ, ಕಾರ್ಬುರೇಟರಿನಿಂದ ಬಿಚ್ಚಿದ ನಟ್ಟು ಬೋಲ್ಟುಗಳನ್ನು ಅದರೊಳಗೆ ಹಾಕಿದ. ಅಂತೂ ಒಂದು ಕೆಲಸಕ್ಕೆ ಬಂತು ಎಂದ.

ಕೂಡಿಸಿದ್ದು ಊಟಿ ರಸ್ತೆಯ ಶೆಡ್ಡಿನ ಮೆಕ್ಯಾನಿಕ್. ಗೊತ್ತಿಲ್ಲದ್ದು ಜಗತ್ತಿನಲ್ಲಿ ಇಲ್ಲ ಎಂಬ ಮನುಷ್ಯ. ಇಂಥವು ಹತ್ತಾರು ಕೂಡಿಸಿದ್ದೇನೆ ಎಂದ, ಆಮೇಲೆ ಸರಪಳಿಯನ್ನು ತಲೆಕೆಳಗಾಗಿ ಹಿಡಿದು ನೋಡಿದ. ಆದರೂ ಕೆಲಸ ಕೆಟ್ಟದಾಗಿ ಮಾಡಲಿಲ್ಲ. ಅಯಸ್ಕಾಂತವನ್ನು ಶಾಫ್ಟಿಗೆ ತಂತಿ ಸುತ್ತಿ ಬಿಗಿದ. ಡಬ್ಬಿಗೆ ಬಾನೆಟ್ಟಿನೊಳಗೆ ಒಂದು ತಗಡಿನ ಕಟ್ಟು ಕೊಟ್ಟ. ಬ್ರೇಕಿಗೂ ಕ್ಲಚ್ಚಿಗೂ ಸ್ವಿಚ್ಚುಗಳನ್ನು ಕೂಡಿಸಿ, ಕಾಲಿನಿಂದ ತುಳಿದು ತುಳಿದು ತೋರಿಸಿದ. ನಾನು ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತಿದ್ದೆ, ತಪ್ಪು ಹುಡುಕಲೆಂದೇ ನಿಂತಿದ್ದೆ. ಸಿಗಲಿಲ್ಲ.

ಸ್ಟ್ಯಾಂಡಿನವರು ಶೆಡ್ಡಿಗೆ ಬಂದು ಬಂದು ಹೋದರು. ಕಾರಿಗೆ ದೆವ್ವ ಹಿಡಿಸುತ್ತಿದ್ದಾನೆ ಎಂದ ಒಬ್ಬ. ಇನ್ನೊಬ್ಬ ಡಬ್ಬಿಯನ್ನು ಬೆರಳಿನಿಂದ ತಟ್ಟಿ, ಕಾಲಿನ ಕೆಲಸಕ್ಕೆ ಇದಾಯ್ತು, ಬ್ಯಾರೆ ಕೆಲಸ ಏನಾದ್ರೂ ನಿಂತೋಗಿದ್ರೆ ಅದಕ್ಕೂ ಒಂದು ಡಬ್ಬಿ ತರಿಸ್ಕೊ ಎಂದ. ನಾನು ಅಲ್ಲೇ ನಿಂತಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು. ಅಪ್ಪ, ನಿಮ್ಮ ಮನೇಲಿ ಕೇಳ್ಕೊಂಡು ಎಷ್ಟು ಬೇಕೋ ಹೇಳು, ಒಟ್ಟಿಗೇ ತರಿಸೋಣ ಎಂದ. ಅಪ್ಪನ ಬಾಯಿಗೆ ಅವತ್ತಿಗಿನ್ನೂ ಏನೂ ಆಗಿರಲಿಲ್ಲ.

ಮೊದಲ ಸಲ ಅದನ್ನು ಓಡಿಸಿ ನೋಡಿದ್ದು ಬಂಡೀಪುರದ ರಸ್ತೆಯಲ್ಲಿ. ಬತ್ತೇರಿಯವನ ಕಡೆಯ ಬಾಡಿಗೆಯೊಂದಿತ್ತು, ಪೆಟ್ರೋಲು ಅವರೇ ಹಾಕಿಸಿದ್ದರು. ಜನವನ್ನು ಇಳಿಸಿ ಬಂದ ಮೇಲೆ ಅಪ್ಪ ಅದರಲ್ಲೇ ನನ್ನನ್ನೂ ಕೂರಿಸಿಕೊಂಡು ಹೊರಟ. ವೇಗ ಐವತ್ತಕ್ಕೆ ಬಂದಾಗ ಗುಂಡಿ ಒತ್ತಿದ. ಬಾನೆಟ್ಟಿನೊಳಗೆ ಯಾರೋ ಸಣ್ಣಗೆ ಉಸಿರೆಳೆದ ಸದ್ದು. ಅಪ್ಪ ಪಾದವನ್ನು ಆಕ್ಸಿಲರೇಟರಿನಿಂದ ಎತ್ತಿ, ನೆಲಕ್ಕೆ ಇಟ್ಟ. ಮುಳ್ಳು ಐವತ್ತರಲ್ಲೇ ಇತ್ತು. ಏರು ಬಂತು, ಐವತ್ತು. ಏರು ಮುಗಿಯಿತು, ಐವತ್ತು. ನಾನು ಏನನ್ನೂ ಸುಲಭವಾಗಿ ಮೆಚ್ಚುವವಳಲ್ಲ, ಆದರೂ ಹೇಳುತ್ತೇನೆ: ಆ ಮಜ್ಜಿಗೆ ಬಣ್ಣದ ಡಕೋಟ ಆ ಹೊತ್ತು ನೀರಿನ ಮೇಲೆ ತೇಲಿದ ಹಾಗೆ ಹೋಯಿತು. ಅಪ್ಪ ನಕ್ಕ. ಅವನು ನಗುವುದನ್ನು ನಾನು ದಿನಾ ನೋಡಿದ್ದೆ. ಎದುರಿಗೆ ಯಾರೂ ಇಲ್ಲದಾಗ, ಯಾರನ್ನೂ ಕುರಿತಲ್ಲದೆ ನಕ್ಕಿದ್ದನ್ನು ನೋಡಿದ್ದು ಅದೊಂದೇ ಸಲ.

ಆ ಪೆಟ್ರೋಲಿನ ವಿಷಯವನ್ನು ಸುಮ್ಮನೆ ಹೇಳಲಿಲ್ಲ. ನಮ್ಮ ಕಡೆಯ ಡ್ರೈವರುಗಳಿಗೆ ಒಂದು ಅಭ್ಯಾಸವಿತ್ತು. ಇಳಿಜಾರು ಬಂದರೆ ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕುವುದು. ಎಂಜಿನ್ ಸುಮ್ಮನೆ ಗೊರಗುಟ್ಟುತ್ತಿರುತ್ತದೆ, ಕಾರು ತನ್ನ ಭಾರಕ್ಕೇ ಉರುಳಿ ಹೋಗುತ್ತದೆ, ಪೆಟ್ರೋಲು ಉಳಿಯುತ್ತದೆ. ಗೇರಿನಲ್ಲೇ ಇಳಿಯುವವನನ್ನು ದುಂದುಗಾರ ಎಂದು ಬಯ್ಯುತ್ತಿದ್ದರು. ಇದು ಎಲ್ಲರೂ ಮಾಡುವುದು. ಅಪ್ಪನಂಥ ಪಳಗಿದವರು ಮಾಡುವುದು ಇನ್ನೊಂದು: ಕ್ಲಚ್ ಪ್ಲೇಟು ಸವೆಯಬಾರದೆಂದು ಕ್ಲಚ್ ತುಳಿಯದೆಯೇ ಗೇರು ತೆಗೆಯುವುದು. ಎಂಜಿನ್ ಕಾರನ್ನು ಎಳೆಯದೆ, ಹಿಡಿಯದೆ ಇರುವ ಒಂದು ಗಳಿಗೆ ಇರುತ್ತದಂತೆ. ಆ ಗಳಿಗೆಯಲ್ಲಿ ಗೇರನ್ನು ಎರಡು ಬೆರಳಿನಿಂದ ತಟ್ಟಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಹೊಸಬರಿಗೆ ಅದು ಬರುವುದಿಲ್ಲ, ಗೇರು ಕಿರುಚುತ್ತದೆ. ಅಪ್ಪ ನಿದ್ದೆಯಲ್ಲೂ ಮಾಡಬಲ್ಲವನಾಗಿದ್ದ. ಬಂಡೀಪುರದ ರಸ್ತೆಯಲ್ಲಿ ಅದನ್ನು ಮಾಡಲಿಲ್ಲ, ಯಾಕೆಂದರೆ ಪೆಟ್ರೋಲು ಇನ್ನೊಬ್ಬರದು. ಬೇರೆಯವರ ಪೆಟ್ರೋಲನ್ನು ಉಳಿಸುವಷ್ಟು ಧರ್ಮಾತ್ಮ ಅವನಲ್ಲ.

ಪರೀಕ್ಷೆಯ ದಿನ ಮುದುಕ ಬಿಳಿ ಪಂಚೆ ಉಟ್ಟು ಬಂದ. ಒಗೆದದ್ದು, ಇಸ್ತ್ರಿ ಮಾಡಿದ್ದು. ಚೊಂಬು ಅವನ ಮನೆಯದೇ, ಹುಣಸೆಹಣ್ಣು ಹಾಕಿ ಬೆಳಗಿ ತಂದಿದ್ದ. ಸರದಿ ಕೂಗುವವನು ಸಾಕ್ಷಿಗೆಂದು ಅವನ ಪಕ್ಕ ಕೂತ. ನಾನು ಮುಂದಿನ ಸೀಟಿನಲ್ಲಿ ಕೂತೆ. ಹೇಗೂ ಕಾಲೇಜಿಗೆ ಹೋಗಬೇಕಿತ್ತು, ಬಸ್ಸಿಗೆ ಯಾಕೆ, ಮುದ್ಕನ ಮುಖ ನೋಡ್ಕಂಡು ಬರುವಂತೆ ಬಾ ಎಂದಿದ್ದ ಅಪ್ಪ. ಸ್ಟ್ಯಾಂಡಿನವರೆಲ್ಲ ಬಾನೆಟ್ಟಿನ ಸುತ್ತ ನಿಂತಿದ್ದರು. ಮಂತ್ರಿಗಳೇ ಚಾಮರಾಜನಗರಕ್ಕೆ ಬಂದರೆ ಕುರ್ಚಿ ಹೋಗುತ್ತದೆಂದು ಹೆದರಿ ಬರುವುದಿಲ್ಲ, ನೀನು ಹೊರಟಿದ್ದೀಯಲ್ಲ, ನಿನ್ನ ಸೀಟು ಜೋಪಾನ ಎಂದ ಒಬ್ಬ. ಆ ಮೂಢನಂಬಿಕೆಯ ವಿರುದ್ಧ ನಾನು ಮೂರು ಕಾಲೇಜುಗಳಲ್ಲಿ ಮಾತಾಡಿದ್ದೇನೆ. ಈ ಸಲವೂ ಅದಕ್ಕೆ ಯಾವ ಕೀರ್ತಿಯನ್ನೂ ಕೊಡಲಾರೆ, ಯಾಕೆಂದರೆ ನಮ್ಮ ಕಾರು ಚಾಮರಾಜನಗರ ಮುಟ್ಟಲೇ ಇಲ್ಲ.

ಊರು ದಾಟಿದ ಮೇಲೆ ಅಪ್ಪ ಗುಂಡಿ ಒತ್ತಿದ. ಕಾರು ತೆರಕಣಾಂಬಿಯವರೆಗೆ ಒಂದೇ ಹದದಲ್ಲಿ ಹೋಯಿತು. ಊರೊಳಗೆ ಬ್ರೇಕು ತುಳಿದ, ಯಂತ್ರ ಬಿಟ್ಟಿತು. ಊರಾಚೆ ಮತ್ತೆ ಒತ್ತಿದ, ಹಿಡಿಯಿತು. ಹಿಂದೆ ಚೊಂಬಿನ ನೀರು ಕನ್ನಡಿಯ ಹಾಗಿತ್ತು. ಅಪ್ಪನ ಕಣ್ಣು ರಸ್ತೆಯ ಮೇಲೆ ಅರ್ಧ, ಮೇಲಿನ ಕನ್ನಡಿಯಲ್ಲಿ ಅರ್ಧ. ಕನ್ನಡಿಯಲ್ಲಿ ಮುದುಕನ ಮುಖವಿತ್ತು. ಅಪ್ಪ ಸುಮ್ಮನಿರಬಹುದಿತ್ತು. ಗೆಲ್ಲುತ್ತಿರುವಾಗ ಸುಮ್ಮನಿರುವುದು ಅವನಿಗೆ ತಿಳಿಯದ ವಿದ್ಯೆ.

“ಕೈ ನಡುಗ್ತಾವಾ ಎಂಗೆ? ಚೊಂಬ ಗಟ್ಟಿಯಾಗಿ ಇಡ್ಕೊ. ಆಮೇಲ ನಂದು ಅನ್ಬ್ಯಾಡ.”

ಮುದುಕ ಚೊಂಬಿನ ಬಾಯಿಯನ್ನೇ ನೋಡಿದ. ಸರದಿ ಕೂಗುವವನು ಕಿಟಕಿಯ ಆಚೆ ನೋಡಿದ. ಮುಂದೆ ಉಡಿಗಾಲ ಎಂಬ ಊರು ಇನ್ನೂ ಸ್ವಲ್ಪ ದೂರವಿರುವಾಗ ಒಂದು ಉದ್ದನೆಯ ಇಳಿಜಾರು ಬರುತ್ತದೆ. ಸ್ಟ್ಯಾಂಡಿನ ಎಲ್ಲ ಡ್ರೈವರುಗಳೂ ಚೊಂಬಿನ ಪರೀಕ್ಷೆಯಲ್ಲಿ ಆ ಜಾಗಕ್ಕಾಗಿ ಕಾಯುತ್ತಾರೆ. ಅಲ್ಲಿ ನ್ಯೂಟ್ರಲ್ಲಿಗೆ ಹಾಕಿದರೆ ಕಾರು ಪಲ್ಲಕ್ಕಿಯಂತೆ ಇಳಿಯುತ್ತದೆ, ನೀರು ಮಿಸುಕುವುದಿಲ್ಲ. ಈ ಸಲ ಪೆಟ್ರೋಲು ನಮ್ಮದು. ಅಪ್ಪನ ಎಡಗೈ ತಾನಾಗಿಯೇ ಮೇಲೆದ್ದು ಗೇರನ್ನು ತಟ್ಟಿತು. ಕ್ಲಚ್ ತುಳಿಯಲಿಲ್ಲ. ಗೇರು ಸದ್ದಿಲ್ಲದೆ ಬಂತು. ಅವನ ಕಣ್ಣು ಇನ್ನೂ ಕನ್ನಡಿಯಲ್ಲೇ ಇತ್ತು.

ನಾನು ಅದನ್ನು ನೋಡಿದೆ, ನೋಡಿದ್ದು ಏನೆಂದು ತಿಳಿಯಲಿಲ್ಲ. ಅಂಥದ್ದನ್ನು ಅವನು ಮಾಡುವುದನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೆ. ಅದು ಅವನು ಮೀಸೆ ಮುಟ್ಟಿಕೊಂಡಂತೆ. ಕಾರು ಇಳಿಯಿತು. ವೇಗ ಹೆಚ್ಚಿತ್ತು, ಹಾಗಾಗಿ ಡಬ್ಬಿ ಸುಮ್ಮನಿತ್ತು. ಇಳಿಜಾರು ಮುಗಿದು ಸಮದಾರಿ ಬಂತು, ಕಾರು ನಿಧಾನವಾಯಿತು. ಯಂತ್ರಕ್ಕೆ ಕಾಣುವುದು ಶಾಫ್ಟು ಮಾತ್ರ. ವೇಗ ಕಡಿಮೆಯಾಯಿತು ಎಂದು ಅದು ಸರಪಳಿ ಜಗ್ಗಿತು. ಗೇರಿನಲ್ಲಿಲ್ಲದ ಎಂಜಿನ್, ಎಳೆಯಲು ಭಾರವಿಲ್ಲದೆ, ಮಿತಿಮೀರಿ ಸುತ್ತಿ ಕಿರುಚಿತು. ಚಕ್ರಕ್ಕೆ ಬಲ ಹೋಗಲಿಲ್ಲ, ವೇಗ ಇನ್ನೂ ಇಳಿಯಿತು, ಅದು ಇನ್ನೂ ಜಗ್ಗಿತು.

ಎಂಜಿನ್ ಕಿರುಚಿದರೆ ಡ್ರೈವರ್ ಏನು ಮಾಡುತ್ತಾನೆ? ಆಕ್ಸಿಲರೇಟರಿನಿಂದ ಕಾಲು ಎತ್ತುತ್ತಾನೆ. ಅಪ್ಪನೂ ಎತ್ತಿದ. ಆ ಸೊಟ್ಟ ಪಾದ ಬರೀ ನೆಲದ ಮೇಲಿತ್ತು. ಅಲ್ಲಿಂದ ಮೇಲಕ್ಕೆದ್ದು ಗಾಳಿಯಲ್ಲಿ ನಿಂತಿತು. ಎತ್ತಿದರೂ ಕಿರುಚಾಟ ನಿಲ್ಲಲಿಲ್ಲವೆಂದು ಇನ್ನೂ ಮೇಲಕ್ಕೆತ್ತಿದ, ಮಂಡಿ ಸ್ಟಿಯರಿಂಗಿಗೆ ತಾಗುವವರೆಗೆ. ಬ್ರೇಕು ತುಳಿದಿದ್ದರೆ ಸಾಕಿತ್ತು. ಕ್ಲಚ್ ಮುಟ್ಟಿದ್ದರೆ ಸಾಕಿತ್ತು. ಅಷ್ಟರಲ್ಲಿ ಬಾನೆಟ್ಟಿನೊಳಗೆ ಕಲ್ಲು ಒಡೆದ ಸದ್ದಾಯಿತು, ಕಬ್ಬಿಣದ ಚೂರೊಂದು ಕೆಳಗೆ ಬಿದ್ದು ರಸ್ತೆಯ ಮೇಲೆ ಕುಣಿದುಕೊಂಡು ಹಿಂದೆ ಹೋಯಿತು, ಬಿಸಿ ಆಯಿಲಿನ ವಾಸನೆ ಬಂತು, ಆಮೇಲೆ ಏನೂ ಇಲ್ಲ. ಸತ್ತ ಎಂಜಿನ್ ಹೊತ್ತ ಕಾರು ಗಾಳಿಯ ಸದ್ದಿನಲ್ಲಿ ಉರುಳುತ್ತಿತ್ತು. ಆಗ ಅಪ್ಪ ಬ್ರೇಕು ತುಳಿದ. ಹೇಗೆ ತುಳಿದ ಗೊತ್ತೇ? ಹತ್ತಿಯ ಮೇಲೆ ಕಾಲಿಟ್ಟ ಹಾಗೆ, ಸ್ವಲ್ಪ ಸ್ವಲ್ಪವೇ, ಹಿಂದೆ ದಿನ ತುಂಬಿದ ಬಸುರಿ ಕೂತ ಹಾಗೆ. ಕಾರು ಒಂದು ಹುಣಸೆಮರದ ನೆರಳಿನಲ್ಲಿ ಜಗ್ಗದೆ ನಿಂತಿತು.

ಬಾನೆಟ್ಟಿನ ಸಂದಿಯಿಂದ ಹೊಗೆ ಬರುತ್ತಿತ್ತು. ಅಪ್ಪ ಅದನ್ನು ನೋಡಲಿಲ್ಲ. ಕನ್ನಡಿಯನ್ನು ನೋಡಿ ಕೇಳಿದ.

“ಚೆಲ್ತಾ?”

ಮುದುಕ ಬಗ್ಗಿ ತನ್ನ ತೊಡೆ ನೋಡಿಕೊಂಡ. ಚೊಂಬಿನ ಸುತ್ತ ಬೆರಳಾಡಿಸಿದ. ಅವಸರವೇ ಇರಲಿಲ್ಲ ಅವನಿಗೆ.

“ಇಲ್ಲ ಕಣಪ್ಪ. ಒಂದು ತೊಟ್ಟೂ ಚೆಲ್ಲಿಲ್ಲ. ನೀ ಪಾಸಾದೆ.”

ಬಾನೆಟ್ಟು ಎತ್ತಿದಾಗ ಎಂಜಿನ್ನಿನ ಪಕ್ಕೆಯಲ್ಲಿ ಮುಷ್ಟಿ ತೂರುವಷ್ಟು ತೂತು ಬಿದ್ದಿತ್ತು. ಕಪ್ಪು ಡಬ್ಬಿಗೆ ಗೀರು ಕೂಡ ಬಿದ್ದಿರಲಿಲ್ಲ. ಒಂದು ಟ್ರಾಕ್ಟರ್ ಸಿಕ್ಕಿ ಕಾರನ್ನು ಎಳೆದುಕೊಂಡು ಹೋಗುವ ಏರ್ಪಾಡಾಯಿತು, ಅಪ್ಪ ಸ್ಟಿಯರಿಂಗ್ ಹಿಡಿದು ಅದರ ಹಿಂದೆ ಬಂದ. ನಾವು ಮೂವರು ಬಸ್ಸು ಹತ್ತಿದೆವು. ನಾನು ಅವತ್ತು ಕಾಲೇಜಿಗೆ ಹೋಗಲಿಲ್ಲ. ಮುದುಕ ನೀರನ್ನು ಹುಣಸೆಮರದ ಬುಡಕ್ಕೆ ಚೆಲ್ಲಬಹುದಿತ್ತು. ಚೆಲ್ಲಲಿಲ್ಲ. ಬಸ್ಸಿನ ನೂಕುನುಗ್ಗಲಿನಲ್ಲಿ ತುಂಬಿದ ಚೊಂಬನ್ನು ಎದೆಗೆ ಒತ್ತಿಕೊಂಡು, ಕಂಡಕ್ಟರ್ ಬೈದರೂ ಬಿಡದೆ, ಗುಂಡ್ಲುಪೇಟೆಯವರೆಗೂ ತಂದ. ಇಳಿದವನೇ ಸಾಲಿನ ಮೊದಲ ಕಾರಿನಿಂದ ಶುರುಮಾಡಿದ. ಒಂದೊಂದು ಕಾರಿನ ಮುಂದೂ ನಿಂತು, ಚೊಂಬನ್ನು ಬಾನೆಟ್ಟಿನ ಮೇಲಿಟ್ಟು, ಪಂಚೆಯ ಮುಂಭಾಗವನ್ನು ಎರಡು ಕೈಯಲ್ಲಿ ಹಿಡಿದು ತೋರಿಸಿದ. ಒದ್ದೆಯಾಗಿಲ್ಲ, ಮುಟ್ಟಿ ನೋಡಿ, ಅವನು ಗೆದ್ದ, ನನ್ನ ಕಣ್ಣಾರೆ ನೋಡಿದೆ ಎಂದ. ಕೆಲವರು ಮುಟ್ಟಿಯೂ ನೋಡಿದರು. ಕೊನೆಯ ಕಾರಿನ ಹತ್ತಿರ ಅವನು ಬರುವ ಹೊತ್ತಿಗೆ ಟ್ರಾಕ್ಟರಿನ ಹಿಂದೆ ನಮ್ಮ ಕಾರು ಬಂತು. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಅಪ್ಪ ಏನಾದರೂ ಅಂದು ಮರ್ಯಾದೆ ಉಳಿಸಿಕೊಳ್ಳುತ್ತಿದ್ದ.

ಮುದುಕ ಮಾಡಿದ್ದು ಪ್ರಾಮಾಣಿಕತೆಯೋ ಹಗೆಯೋ ಎಂದು ನಾನು ಎರಡೂ ಪಕ್ಷ ಹಿಡಿದು ವಾದಿಸಬಲ್ಲೆ. ಆಡಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅಷ್ಟು ಚೆನ್ನಾಗಿ ಹೊಡೆಯಬೇಕಾದರೆ ನಿಜದಿಂದಲೇ ಹೊಡೆಯಬೇಕು. ಮೆಕ್ಯಾನಿಕ್ ತನ್ನ ಪಾಲನ್ನು ವಾದಿಸಿಕೊಂಡ: ಸ್ವಿಚ್ಚು ಸರಿಯಿದೆ, ಕ್ಲಚ್ ತುಳಿಯದಿದ್ದರೆ ನಾನೇನು ಮಾಡಲಿ. ಅದೂ ನಿಜ. ಕಾರು ಕಲಿಯುವ ಹುಡುಗನಾಗಿದ್ದರೆ ಕ್ಲಚ್ ತುಳಿದೇ ಗೇರು ತೆಗೆಯುತ್ತಿದ್ದ, ಯಂತ್ರ ಕೈ ಬಿಡುತ್ತಿತ್ತು, ಎಂಜಿನ್ ಉಳಿಯುತ್ತಿತ್ತು. ಕ್ಲಚ್ ಇಲ್ಲದೆ ಗೇರು ತೆಗೆಯುವಷ್ಟು ಪಳಗಿದವನ ಕೈಗೆ ಸಿಕ್ಕಿದ್ದರಿಂದ ಕಾರು ಸತ್ತಿತು. ಮೊದಲೇ ಹೇಳಿದ ಪುರಾವೆ ಇದು.

ಹೊಸ ಎಂಜಿನ್ನಿನ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ. ಕಾರು ಹಿತ್ತಿಲಿನಲ್ಲಿ ನಿಂತಿತು, ಅದರ ಮೇಲೆ ಅಮ್ಮ ಹಪ್ಪಳ ಒಣಗಿಸಿದಳು. ಅಪ್ಪ ಸ್ಟ್ಯಾಂಡಿನ ಕಡೆ ಹೋಗುವುದನ್ನು ಬಿಟ್ಟ. ಆದರೆ ಅವನು ಪಾಸಾಗಿದ್ದನಲ್ಲ. ಕಾನೂನಿನ ಪ್ರಕಾರ ಸಾಲಿನಲ್ಲಿ ಅವನ ಜಾಗ ಅವನದೇ. ಹಿಂದಿನ ಕಾರಿನವನು ಒಂದು ಕಾರಿನಷ್ಟು ಜಾಗ ಬಿಟ್ಟು ನಿಲ್ಲಿಸುತ್ತಿದ್ದ. ಬೆಳಿಗ್ಗೆ ಅಪ್ಪನ ಸರದಿ ಬಂದಾಗ ಕೂಗುವವನು ಅವನ ಹೆಸರು ಹಿಡಿದು ಕೂಗುತ್ತಿದ್ದ, ಸ್ವಲ್ಪ ಹೊತ್ತು ಕಾಯುತ್ತಿದ್ದ, ಮತ್ತೊಮ್ಮೆ ಕೂಗುತ್ತಿದ್ದ. ಅಡುಗೆಕೋಣೆಯಲ್ಲಿ ಅಮ್ಮ ಒಗ್ಗರಣೆಯ ಸೌಟು ಹಿಡಿದುಕೊಂಡು ನಿಂತುಬಿಡುತ್ತಿದ್ದಳು, ಎರಡನೆಯ ಕೂಗು ಮುಗಿಯುವವರೆಗೆ. ಅಪ್ಪ ಪೇಪರಿನ ಅದೇ ಪುಟವನ್ನು ಓದುತ್ತಿದ್ದ.

ಸಂಜೆ ನಾನು ಬಸ್ಸಿಳಿದು ಮನೆಗೆ ಬರುವಾಗ ಮುದುಕ ಕರೆಯುತ್ತಿದ್ದ. ಒಂದು ಪೊಟ್ಟಣ ಕಟ್ಟಿ, ನಿಮ್ಮಪ್ಪನಿಗೆ ಕೊಡು, ಉಪ್ಪು ಹೆಂಗದ ಅಂತ ಕೇಳ್ಕೊಂಡು ಬಾ ಎನ್ನುತ್ತಿದ್ದ. ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ನಾನು ಬೇಡ ಎನ್ನಬಹುದಿತ್ತು. ತಂದು ಕೊಡುತ್ತಿದ್ದೆ, ಇದು ಹೇಗೆ ಮುಗಿಯುತ್ತದೆ ಎಂದು ನನಗೂ ನೋಡಬೇಕಿತ್ತು. ಅಪ್ಪ ಒಂದೊಂದೇ ಸಿಪ್ಪೆ ಬಿಡಿಸಿ ಪೂರ್ತಿ ತಿನ್ನುತ್ತಿದ್ದ. ಉಪ್ಪು ಕಮ್ಮಿ ಅನ್ನು ಎನ್ನುತ್ತಿದ್ದ. ಮಾರನೆಯ ದಿನ ನಾನು ಹಾಗೇ ಹೇಳುತ್ತಿದ್ದೆ. ಮುದುಕ ತಲೆಯಾಡಿಸಿ ಇನ್ನೊಂದು ಪೊಟ್ಟಣ ಕಟ್ಟುತ್ತಿದ್ದ. ಬೆಳಿಗ್ಗೆ ಮತ್ತೆ ಅಪ್ಪನ ಸರದಿ ಕೂಗುತ್ತಿದ್ದರು.

ಮಳೆಗಾಲ ಮುಗಿದು ಹೊಸ ಕಡಲೆಕಾಯಿ ಬಂದ ಮೇಲೆ ಒಂದು ಸಂಜೆ ಅಪ್ಪ ತಿಂದು ಮುಗಿಸಿ, ಪೊಟ್ಟಣದ ಕಾಗದವನ್ನು ಬಿಡಿಸಿ, ನಾಲ್ಕು ಮಡಿಕೆ ಮಾಡಿ ಕಿಟಕಿಯ ಮೇಲಿಟ್ಟ. ನಾನು ಕಾಯುತ್ತ ನಿಂತಿದ್ದೆ. ಅವನು ನನ್ನ ಮುಖ ನೋಡಲಿಲ್ಲ.

“ಉಪ್ಪು ಸರಿಯಾಗದ ಅನ್ನು.”

ಮಾರನೆಯ ಸಂಜೆ ಆ ಮಾತನ್ನು ಮುದುಕನಿಗೆ ಮುಟ್ಟಿಸಿದೆ. ಅವನು ಸ್ವಲ್ಪ ಹೊತ್ತು ಕಡಲೆಕಾಯಿಯ ರಾಶಿಯನ್ನು ಕೈಯಿಂದ ಸವರಿ ಗೋಪುರ ಮಾಡಿದ. ಆಮೇಲೆ ಕತ್ತು ತಿರುಗಿಸಿ, ಬೀಡಿ ಹಚ್ಚುತ್ತಿದ್ದ ಸರದಿಯವನಿಗೆ ಹೇಳಿದ.

“ಬುಡು, ಇನ್ನ ಅವ್ನ ಕೂಗ್ಬ್ಯಾಡ.”

ಅವತ್ತು ಅವನು ಪೊಟ್ಟಣ ಕಟ್ಟಲಿಲ್ಲ. ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೋಗುವಾಗ ಹಿಂದಿನ ಕಾರಿನವನು ಬ್ರೇಕು ಸಡಿಲಿಸಿ, ಕಿಟಕಿಯಿಂದ ಒಂದು ಕೈ ಹೊರಗೆ ಹಾಕಿಕೊಂಡು, ಎಂಜಿನ್ ಹಚ್ಚದೆಯೇ ಕಾರನ್ನು ಆ ಖಾಲಿ ಜಾಗಕ್ಕೆ ಉರುಳಿಸಿದ.